ಪ್ರೊಸೆಸರ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ನನ್ನ ಹತ್ತಿರ ಗಿಟಾರ್ ಕಲಿಯುವವರು ಕೈ ಸ್ವಲ್ಪ ಪಳಗಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಯಾವ ಪ್ರೊಸೆಸರ್ ತಗೊಳ್ಳಲಿ?" ಪ್ರೊಸೆಸರ್ ಅಂದರೆ ಗಿಟಾರ್ ದನಿಗೆ ಬಗೆಬಗೆಯ ಇಫೆಕ್ಟ್ ಸೇರಿಸುವ, ಎಷ್ಟೋ ಸಲ ಆಂಪ್‌ನ (ಆಂಪ್ಲಿಫೈಯರ್‌ನ) ದನಿಯನ್ನೂ ನಕಲು ಮಾಡುವ ಪೆಟ್ಟಿಗೆ. ನಾನು ಮಾಡೆಲ್ ಹೆಸರು ಹೇಳುವುದಿಲ್ಲ. "ಅದನ್ನು ಯಾವುದಕ್ಕೆ ಚುಚ್ಚುತ್ತೀಯ?" ಅಂತ ತಿರುಗಿ ಕೇಳುತ್ತೇನೆ. ತುಂಬಾ ಜನ ಇಲ್ಲಿ ತಬ್ಬಿಬ್ಬಾಗುತ್ತಾರೆ. ಇಫೆಕ್ಟ್ ಎಷ್ಟಿವೆ, ಒಳಗೆ ಎಷ್ಟು ಆಂಪ್ ಇವೆ, ಟಚ್ ಸ್ಕ್ರೀನ್ ಇದೆಯಾ, ಎಲ್ಲ ಬಾಯಿಪಾಠ. ಕೇಬಲ್‌ನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಯೋಚನೆ ಮಾಡಿರುವುದಿಲ್ಲ.

ನನ್ನ ಮಟ್ಟಿಗೆ ಆಯ್ಕೆ ಶುರುವಾಗುವುದೇ ಆ ತುದಿಯಿಂದ. ಅದೇ ಪ್ರೊಸೆಸರ್, ಅದೇ ಪ್ಯಾಚ್ (ಹೊಂದಿಸಿ ಉಳಿಸಿಟ್ಟ ದನಿ), ಹೆಡ್‌ಫೋನ್‌ನಲ್ಲಿ ಕಿವಿಗೆ ಹಬ್ಬ. ಅದನ್ನೇ ತಂದು ಗಿಟಾರ್ ಆಂಪ್‌ಗೆ ಚುಚ್ಚಿದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಇರುತ್ತದೆ. ಆಗ ಎಲ್ಲರೂ ಬೈಯುವುದು ಪ್ರೊಸೆಸರ್‌ಗೆ. ಮಾರಿಬಿಟ್ಟು ಇನ್ನೂ ದೊಡ್ಡದನ್ನು ತರುತ್ತಾರೆ. ಅದರಲ್ಲೂ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ವಾ?

ಹೀಗೆ ಯಾಕಾಗುತ್ತದೆ ಅಂತ ಒಮ್ಮೆ ಅರ್ಥವಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಗಿಟಾರ್ ಆಂಪ್‌ನಲ್ಲಿ ಮೂರು ಭಾಗ ಇವೆ. ಪ್ರೀಆಂಪ್ ಟೋನ್ ಮತ್ತು ಗೇನ್ (ದನಿ ಎಷ್ಟು ಒಡೆಯಬೇಕು ಅನ್ನುವುದು) ಕೊಡುತ್ತದೆ. ಪವರ್ ಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಕೊನೆಗೆ ಡಬ್ಬಿಯಲ್ಲಿ ಕೂತ ಸ್ಪೀಕರ್. ಈ ಸ್ಪೀಕರ್ ಸಾಮಾನ್ಯವಾಗಿ 12 ಇಂಚಿನದು, ಮತ್ತು ಅದು ಹಾಡು ಕೇಳುವ ಸ್ಪೀಕರ್‌ನಂತೆ ಎಲ್ಲವನ್ನೂ ಹೊರಗೆ ಬಿಡುವುದಿಲ್ಲ. ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಅದರ ದನಿ ಬೇಗ ಬೇಗ ಇಳಿದುಹೋಗುತ್ತದೆ. ಡಿಸ್ಟಾರ್ಷನ್‌ನ (ಒಡೆದ ದನಿಯ) ಮೇಲಿನ ಕರಕರ ಎಲ್ಲ ಅಲ್ಲೇ ಸೋಸಿಹೋಗುತ್ತದೆ. ಸ್ಪೀಕರ್ ಇಲ್ಲದೆ ಡಿಸ್ಟಾರ್ಷನ್ ಪೆಡಲ್ಲನ್ನು ನೇರವಾಗಿ ಮಿಕ್ಸರ್‌ಗೆ ಹಾಕಿ ನೋಡಿ. ಜುಯ್ ಅಂತ ಕಿವಿ ಕೊರೆಯುವ ಶಬ್ದ ಬರುತ್ತದೆ.

ಆಂಪ್ ಮಾಡೆಲರ್, ಅಂದರೆ ಆಂಪ್‌ನ ನಕಲು ಮಾಡುವ ಪ್ರೊಸೆಸರ್, ಈ ಮೂರೂ ಭಾಗಗಳನ್ನು ಲೆಕ್ಕದಿಂದ ಕಟ್ಟುತ್ತದೆ. ಸ್ಪೀಕರ್ ಭಾಗಕ್ಕೆ ಕ್ಯಾಬ್ ಅಥವಾ ಐಆರ್ ಅನ್ನುತ್ತಾರೆ. ಐಆರ್ ಎಂದರೆ ಇಂಪಲ್ಸ್ ರೆಸ್ಪಾನ್ಸ್: ಒಂದು ನಿಜವಾದ ಕ್ಯಾಬಿನೆಟ್, ಅದರ ಮುಂದೆ ಒಂದು ಮೈಕ್, ಆ ಜೋಡಿ ಯಾವ ಶಬ್ದವನ್ನು ಎಷ್ಟು ಬಿಡುತ್ತದೆ ಅನ್ನುವುದರ ದಾಖಲೆ. ಫೈಲ್ ತೀರಾ ಚಿಕ್ಕದು. 48 ಕಿಲೋಹರ್ಟ್ಸ್‌ನಲ್ಲಿ 2048 ಸ್ಯಾಂಪಲ್ ಅಂದರೆ ಬರೀ 43 ಮಿಲಿಸೆಕೆಂಡ್. ಆದರೆ ಟೋನ್ ಬದಲಾಯಿಸುವ ವಿಷಯದಲ್ಲಿ ಆಂಪ್ ಮಾಡೆಲ್‌ಗಿಂತ ಇದರ ಕೈವಾಡವೇ ಎಷ್ಟೋ ಸಲ ಜಾಸ್ತಿ. ಹೆಡ್‌ಫೋನ್‌ಗೆ, ಮಿಕ್ಸರ್‌ಗೆ, ಕಂಪ್ಯೂಟರ್‌ಗೆ ಹೋಗುವಾಗ ಕ್ಯಾಬ್ ಇರಲೇಬೇಕು. ಗಿಟಾರ್ ಆಂಪ್‌ಗೆ ಹೋಗುವಾಗ ಅಲ್ಲಿ ನಿಜವಾದ ಸ್ಪೀಕರ್ ಇದ್ದೇ ಇದೆ, ಹಾಗಾಗಿ ಕ್ಯಾಬ್ ಆಫ್ ಮಾಡಬೇಕು. ಇಲ್ಲದಿದ್ದರೆ ಸೋಸಿದ್ದನ್ನೇ ಮತ್ತೆ ಸೋಸಿದ ಹಾಗಾಗುತ್ತದೆ. ಕಂಬಳಿ ಹೊದ್ದ ದನಿಯ ಗುಟ್ಟು ಇಷ್ಟೇ.

ಈಗ ನಿಮ್ಮ ತುದಿ ಯಾವುದು ನೋಡೋಣ.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವುದೇ ಮುಖ್ಯ ಅಂದರೆ ಚಿಕ್ಕ ಪ್ರೊಸೆಸರ್ ಧಾರಾಳವಾಗಿ ಸಾಕು. ಬಾಸ್ ಜಿಟಿ-1, ಜೂಮ್ ಜಿ1 ಫೋರ್ ಈ ಬಗೆಯವು. ಎರಡೂ ನಾಲ್ಕು ಎಎ ಬ್ಯಾಟರಿಯಲ್ಲಿ ನಡೆಯುತ್ತವೆ, ಗಿಟಾರ್ ಚೀಲದ ಜೇಬಿನಲ್ಲಿ ಕೂರುತ್ತವೆ. ಇಲ್ಲಿ ನೋಡಬೇಕಾದದ್ದು ಆಕ್ಸ್ ಇನ್ (ಹೊರಗಿನ ಹಾಡು ಒಳಗೆ ತರುವ ಜಾಕ್) ಅಥವಾ ಬ್ಲೂಟೂತ್. ಫೋನಿನಿಂದ ಹಾಡು ಹಾಕಿ ಜೊತೆಗೆ ನುಡಿಸಲು ಅದು ಬೇಕೇ ಬೇಕು. ಬ್ಲೂಟೂತ್ ಇದೆ ಅಂತ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಳ್ಳುವ ಆಸೆ ಬೇಡ. ಹಾಡು ಒಳಗೆ ಬರಲು ಬ್ಲೂಟೂತ್ ಸರಿ, ಆದರೆ ನೀವು ನುಡಿಸಿದ್ದು ಅದರ ಮೂಲಕ ಕಿವಿಗೆ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ವೈರ್ ಇರುವ ಹೆಡ್‌ಫೋನೇ ಗತಿ.

ಈಗಾಗಲೇ ಒಂದು ಒಳ್ಳೆಯ ಟ್ಯೂಬ್ ಆಂಪ್ ಇದೆ, ಅದರ ದನಿ ನಿಮಗೆ ಇಷ್ಟ. ಹಾಗಿದ್ದರೆ ಮಾಡೆಲರ್ ಯಾಕೆ? ನಿಮಗೆ ಬೇಕಾದದ್ದು ಇಫೆಕ್ಟ್ಸ್ ಮಾತ್ರ. ಲೈನ್ 6ನ ಎಚ್‌ಎಕ್ಸ್ ಇಫೆಕ್ಟ್ಸ್ ಇಂಥವರಿಗಾಗಿಯೇ ಇದೆ, ಅದರಲ್ಲಿ ಆಂಪ್ ಮಾಡೆಲ್ಲೇ ಇಲ್ಲ. ಆಂಪ್ ಹಿಂದೆ ಸೆಂಡ್ ಮತ್ತು ರಿಟರ್ನ್ ಅನ್ನುವ ಎರಡು ತೂತು ಇವೆಯಾ ನೋಡಿ. ಇದ್ದರೆ ನಾಲ್ಕು ಕೇಬಲ್ ವಿಧಾನ ಬಳಸಬಹುದು. ಗಿಟಾರ್‌ನಿಂದ ಪ್ರೊಸೆಸರ್ ಇನ್‌ಪುಟ್‌ಗೆ ಒಂದು. ಪ್ರೊಸೆಸರ್‌ನ ಸೆಂಡ್‌ನಿಂದ ಆಂಪ್‌ನ ಮುಂಭಾಗದ ಇನ್‌ಪುಟ್‌ಗೆ ಎರಡನೆಯದು. ಆಂಪ್‌ನ ಸೆಂಡ್‌ನಿಂದ ಪ್ರೊಸೆಸರ್‌ನ ರಿಟರ್ನ್‌ಗೆ ಮೂರನೆಯದು. ಪ್ರೊಸೆಸರ್ ಔಟ್‌ಪುಟ್‌ನಿಂದ ಆಂಪ್‌ನ ರಿಟರ್ನ್‌ಗೆ ನಾಲ್ಕನೆಯದು. ಹೀಗೆ ಮಾಡಿದಾಗ ವಾ, ಓವರ್‌ಡ್ರೈವ್ ಆಂಪ್‌ನ ಪ್ರೀಆಂಪ್‌ಗಿಂತ ಮುಂಚೆ ಬರುತ್ತವೆ, ಡಿಲೇ (ಮರುದನಿ), ರಿವರ್ಬ್ (ಕೋಣೆಯ ಗುಂಗು) ಅದರ ನಂತರ ಬರುತ್ತವೆ. ಆಂಪ್‌ನ ಡಿಸ್ಟಾರ್ಷನ್ ಜಾಸ್ತಿ ಇಟ್ಟುಕೊಂಡು ನುಡಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಡಿಸ್ಟಾರ್ಷನ್‌ಗಿಂತ ಮುಂಚೆ ಡಿಲೇ ಇಟ್ಟರೆ ಮರುದನಿಗಳೂ ಡಿಸ್ಟಾರ್ಟ್ ಆಗಿ ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ನಂತರ ಇಟ್ಟರೆ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಇದಕ್ಕೆ ಪ್ರೊಸೆಸರ್‌ನಲ್ಲೂ ಸೆಂಡ್, ರಿಟರ್ನ್ ಇರಬೇಕು. ಜಿಟಿ-1ರಲ್ಲಿ ಅದಿಲ್ಲ. ಡಬ್ಬದ ಮೇಲಿನ ಇಫೆಕ್ಟ್ ಪಟ್ಟಿ ಎಷ್ಟು ಓದಿದರೂ ಇದು ಕಾಣುವುದಿಲ್ಲ, ಹಿಂದೆ ತಿರುಗಿಸಿ ನೋಡಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಸ್ಟೇಜ್‌ನಲ್ಲಿ ನೇರ ಮಿಕ್ಸರ್‌ಗೆ ಹೋಗುವವರಿಗೆ ಮಾಡೆಲರ್ ನಿಜಕ್ಕೂ ವರ. ಆಂಪ್ ಹೊರುವ ಕಷ್ಟ ಇಲ್ಲ. ಡ್ರಮ್ಸ್ ಪಕ್ಕದಲ್ಲಿ ಮೈಕ್ ಇಟ್ಟು ಒದ್ದಾಡುವುದಿಲ್ಲ. ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲ್‌ನ ಮೂರು ಪಿನ್ ಜಾಕ್) ಇದ್ದರೆ ಉದ್ದ ಕೇಬಲ್ ಎಳೆದರೂ ಗದ್ದಲ ಕಡಿಮೆ. ಅದರ ಪಕ್ಕ ಗ್ರೌಂಡ್ ಲಿಫ್ಟ್ ಅನ್ನುವ ಚಿಕ್ಕ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಸ್ಟೇಜ್‌ನಲ್ಲಿ ಹೂಂ ಅನ್ನುವ ಹಮ್ ಬಂದಾಗ ಮೊದಲು ಒತ್ತುವುದು ಅದನ್ನೇ. ಎಕ್ಸ್‌ಎಲ್‌ಆರ್ ಇಲ್ಲದಿದ್ದರೆ ಜೊತೆಗೊಂದು ಡಿಐ ಬಾಕ್ಸ್ (ಮಾಮೂಲಿ ಜಾಕ್‌ನ ಸಿಗ್ನಲ್ಲನ್ನು ಎಕ್ಸ್‌ಎಲ್‌ಆರ್‌ಗೆ ಬದಲಿಸುವ ಚಿಕ್ಕ ಡಬ್ಬಿ) ಇಟ್ಟುಕೊಳ್ಳಿ. ಇನ್ನೊಂದು ಮಾತು. ಸೌಂಡ್ ಸಿಸ್ಟಮ್‌ನವರು ಎಷ್ಟೋ ಕಡೆ ಗಿಟಾರ್‌ಗೆ ಒಂದೇ ಚಾನಲ್ ಕೊಡುತ್ತಾರೆ. ನೀವು ಸ್ಟೀರಿಯೋದಲ್ಲಿ ಎಡಕ್ಕೂ ಬಲಕ್ಕೂ ಹಾರುವ ಡಿಲೇ ಕಟ್ಟಿಕೊಂಡು ಹೋಗಿರುತ್ತೀರಿ, ಅಲ್ಲಿ ಅರ್ಧ ಮಾಯ. ಮನೆಯಲ್ಲೇ ಎಡಗಡೆಯ ಔಟ್ ಒಂದನ್ನೇ ಹಾಕಿ ಎಲ್ಲ ಪ್ಯಾಚ್ ಕೇಳಿ ಹೋಗಿ.

ನಿಮಗೂ ಆಂಪ್ ಬೇಕು, ಮಿಕ್ಸರ್‌ಗೂ ಕಳಿಸಬೇಕು ಅನ್ನುವ ಸಂದರ್ಭವೂ ಇದೆ. ಆಗ ಎರಡು ಬೇರೆ ಬೇರೆ ಔಟ್ ಬೇಕು: ಕ್ಯಾಬ್ ಇಲ್ಲದ್ದು ಆಂಪ್‌ಗೆ, ಕ್ಯಾಬ್ ಇರುವುದು ಮಿಕ್ಸರ್‌ಗೆ. ಲೈನ್ 6ನ ಪಾಡ್ ಗೋ ಥರದ ಮಧ್ಯಮ ಯಂತ್ರದಲ್ಲೂ ಆಂಪ್‌ಗೆ ಅಂತಲೇ ಪ್ರತ್ಯೇಕ ಔಟ್ ಇದೆ. ಬೇರೆ ಕೆಲವದರಲ್ಲಿ ಸೆಂಡ್ ಬಳಸಿ ಇದೇ ಕೆಲಸ ಮಾಡಿಸಬಹುದು.

ರೆಕಾರ್ಡಿಂಗ್ ಮಾತ್ರ ಮಾಡುವವರಿಗೆ ಉದ್ದ ಉಪದೇಶ ಬೇಡ. ಯುಎಸ್‌ಬಿ ಆಡಿಯೋ ಇರಬೇಕು, ಅದರಲ್ಲಿ ಇಫೆಕ್ಟ್ ಇಲ್ಲದ ಡ್ರೈ ಗಿಟಾರ್ ಕೂಡ ಬೇರೆ ಟ್ರ್ಯಾಕ್ ಆಗಿ ಕಂಪ್ಯೂಟರ್‌ಗೆ ಹೋಗಬೇಕು. ಆಗ ಆಮೇಲೆ ಟೋನ್ ಬದಲಿಸಿ ಮತ್ತೆ ಕಳಿಸಬಹುದು, ಅದಕ್ಕೆ ರೀಆಂಪಿಂಗ್ ಅನ್ನುತ್ತಾರೆ. ನೀವು ಕಂಪ್ಯೂಟರ್ ಬಿಟ್ಟು ಏಳುವುದೇ ಇಲ್ಲ ಅಂದರೆ ಪ್ರೊಸೆಸರ್ ಕೊಳ್ಳುವ ಅಗತ್ಯವೂ ಇಲ್ಲ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಓಪನ್ ಸೋರ್ಸ್ ಪ್ಲಗಿನ್ ಉಚಿತವಾಗಿಯೇ ಸಿಗುತ್ತದೆ, ಮತ್ತು ಅದರ ದನಿ ಉಚಿತದ ದನಿಯಲ್ಲ.

ಮಾಡೆಲ್ಲಾ, ಕ್ಯಾಪ್ಚರಾ?

ಜನ ಈ ವಿಷಯಕ್ಕೆ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಸ್ವಲ್ಪ ಹಿಂದಕ್ಕೆ ಹೋಗೋಣ. ಮಾಡೆಲಿಂಗ್ ಮಾಡುವ ರೋಲಂಡ್ ವಿಜಿ-8 ಅನ್ನುವ ಯಂತ್ರ 1995ರಲ್ಲಿ ಬಂತು. 1998ರಲ್ಲಿ ಲೈನ್ 6ನ ಕೆಂಪು ಪಾಡ್ ಬಂದು, ಆಂಪ್ ಇಲ್ಲದೆ ರೆಕಾರ್ಡ್ ಮಾಡುವುದನ್ನು ಸಾಮಾನ್ಯರಿಗೂ ರೂಢಿ ಮಾಡಿಸಿತು. ಆ ದಾರಿಯಲ್ಲಿ ಎಂಜಿನಿಯರ್‌ಗಳು ಒಂದು ಆಂಪ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಅಳೆದು, ಸರ್ಕ್ಯೂಟ್ ನೋಡಿ, ಲೆಕ್ಕದಲ್ಲಿ ಕಟ್ಟುತ್ತಾರೆ. ಫ್ರ್ಯಾಕ್ಟಲ್, 2015ರ ಹೀಲಿಕ್ಸ್, ಬಾಸ್ ಜಿಟಿ-1000 ಎಲ್ಲ ಈ ಕಡೆಯವು. 2011ರಲ್ಲಿ ಕೆಂಪರ್ ಬೇರೆ ದಾರಿ ಹಿಡಿಯಿತು. ನಿಮ್ಮದೇ ಆಂಪ್‌ಗೆ ಮೈಕ್ ಇಟ್ಟು, ಅದರೊಳಗೆ ಬಗೆಬಗೆಯ ಶಬ್ದ ಕಳಿಸಿ, ಹೊರಗೆ ಬಂದದ್ದನ್ನು ಕೇಳಿ ನಕಲು ತೆಗೆಯುವ ದಾರಿ ಅದು. ಈ ನಕಲೇ ಕ್ಯಾಪ್ಚರ್. ಕ್ವಾಡ್ ಕಾರ್ಟೆಕ್ಸ್, ಟೋನೆಕ್ಸ್ ಎರಡೂ ಈ ಕೆಲಸಕ್ಕೆ ನ್ಯೂರಲ್ ನೆಟ್‌ವರ್ಕ್ ಬಳಸುತ್ತವೆ. ಕ್ವಾಡ್ ಕಾರ್ಟೆಕ್ಸ್‌ನಲ್ಲಿ ಯಂತ್ರವೇ ಕ್ಯಾಪ್ಚರ್ ತೆಗೆಯುತ್ತದೆ. ಟೋನೆಕ್ಸ್‌ಗೆ ಕಂಪ್ಯೂಟರ್ ಬೇಕು, ಪೆಡಲ್ ಆ ಕ್ಯಾಪ್ಚರ್ ನುಡಿಸುತ್ತದೆ.

ನುಡಿಸುವವರಿಗೆ ಇದರಲ್ಲಿ ಮುಖ್ಯವಾದ ವ್ಯತ್ಯಾಸ ಒಂದೇ. ಕ್ಯಾಪ್ಚರ್ ಸಾಮಾನ್ಯವಾಗಿ ಆಂಪ್‌ನ ನಾಬ್‌ಗಳು ಒಂದು ಜಾಗದಲ್ಲಿ ನಿಂತಿದ್ದಾಗಿನ ದನಿ. ಗೇನ್ ಐದರಲ್ಲಿದ್ದಾಗ ತೆಗೆದದ್ದಾದರೆ ಆ ಐದರ ಹತ್ತಿರ ಹತ್ತಿರ ಅದ್ಭುತವಾಗಿರುತ್ತದೆ. ಅಲ್ಲಿಂದ ಗೇನ್ ಒಂಬತ್ತಕ್ಕೆ ತಿರುಗಿಸಿದರೆ ನಿಜವಾದ ಆಂಪ್ ಬದಲಾದ ಹಾಗೇ ಇದೂ ಬದಲಾಗುತ್ತದೆ ಅಂತ ಹೇಳಲಾಗದು. ಸರ್ಕ್ಯೂಟ್ ಲೆಕ್ಕದ ಮಾಡೆಲ್‌ನಲ್ಲಿ ಬ್ರೈಟ್ ಸ್ವಿಚ್, ಪ್ರೆಸೆನ್ಸ್, ಮಾಸ್ಟರ್ ಎಲ್ಲ ಒಂದಕ್ಕೊಂದು ಸೇರಿ ಬದಲಾಗುತ್ತವೆ. ಹಾಗಾಗಿ ನಾಬ್ ತಿರುಗಿಸುತ್ತಾ ಕೂರುವ ಚಾಳಿ ಇರುವವರಿಗೆ ಮಾಡೆಲ್. ಒಂದು ಒಳ್ಳೆಯ ದನಿ ಸಿಕ್ಕರೆ ಸಾಕು, ಅದರಲ್ಲೇ ಇರುತ್ತೇನೆ ಅನ್ನುವವರಿಗೆ ಕ್ಯಾಪ್ಚರ್. ಹಾಡಿನ ಮಧ್ಯೆ ಎರಡನ್ನೂ ಬೇರೆ ಮಾಡಿ ಗುರುತಿಸುವ ಕೇಳುಗ ನನಗಂತೂ ಸಿಕ್ಕಿಲ್ಲ.

ಕಾಲ ಕೆಳಗೆ

ಬೆನ್ನಿನ ನಂತರ ನಾನು ನೋಡುವುದು ಫುಟ್‌ಸ್ವಿಚ್. ಲೈನ್ 6ನ ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಮೂರೇ ಇವೆ. ಹೀಲಿಕ್ಸ್ ಫ್ಲೋರ್‌ನಲ್ಲಿ ಹನ್ನೆರಡು. ದನಿ ಎರಡರದ್ದೂ ಒಂದೇ ಮನೆತನದ್ದು, ಆದರೆ ಸ್ಟೇಜ್ ಮೇಲೆ ಅವು ಎರಡು ಬೇರೆ ವಾದ್ಯಗಳು. ಕ್ಲೀನ್‌ನಲ್ಲಿ ಆರ್ಪೆಜಿಯೋ, ಹಾಡಿನ ಕೋರಸ್‌ಗೆ ಕ್ರಂಚ್ (ಸ್ವಲ್ಪ ಒಡೆದ ದನಿ), ಸೋಲೋಗೆ ಬೂಸ್ಟ್ ಮತ್ತು ಡಿಲೇ, ಜೊತೆಗೆ ಟ್ಯಾಪ್ ಟೆಂಪೋ ಮತ್ತು ಟ್ಯೂನರ್. ಕವರ್ ಹಾಡು ನುಡಿಸುವ ಬ್ಯಾಂಡ್‌ಗೆ ಇಷ್ಟು ಬೇಕೇ ಬೇಕು. ಮೂರು ಸ್ವಿಚ್‌ನಲ್ಲಿ ಇದನ್ನೆಲ್ಲ ಹೊಂದಿಸಬಹುದು, ಆದರೆ ಹಾಡುತ್ತಾ ನುಡಿಸುವವರು ಕಾಲಿನ ಲೆಕ್ಕ ಇಡುವುದರಲ್ಲೇ ಸುಸ್ತಾಗುತ್ತಾರೆ. ಪಕ್ಕಕ್ಕೊಂದು ಎಕ್ಸ್‌ಟ್ರಾ ಸ್ವಿಚ್ ಸೇರಿಸುವ ಜಾಕ್ ಇದ್ದರೆ ಸಮಾಧಾನ. ಸ್ವಿಚ್‌ಗಳ ನಡುವಿನ ಜಾಗವನ್ನೂ ನೀವು ಸ್ಟೇಜ್‌ಗೆ ಹಾಕುವ ಶೂ ಹಾಕಿಕೊಂಡೇ ಪರೀಕ್ಷಿಸಿ. ಸುಮ್ನೆ ಕೈಯಲ್ಲಿ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸ್ನ್ಯಾಪ್‌ಶಾಟ್ ಅಥವಾ ಸೀನ್ ಅನ್ನುವ ಸೌಲಭ್ಯ ಇದೆಯಾ ಕೇಳಿ. ಒಂದು ಪ್ಯಾಚ್‌ನಿಂದ ಇನ್ನೊಂದು ಪ್ಯಾಚ್‌ಗೆ ಹೋಗುವಾಗ ತುಂಬಾ ಯಂತ್ರಗಳಲ್ಲಿ ದನಿ ಒಂದು ಚಿಟಿಕೆಯಷ್ಟು ಹೊತ್ತು ಕಡಿದುಹೋಗುತ್ತದೆ. ಡಿಲೇಯ ಬಾಲವೂ ಅಲ್ಲೇ ತುಂಡು. ಸ್ನ್ಯಾಪ್‌ಶಾಟ್‌ನಲ್ಲಿ ಪ್ಯಾಚ್ ಅದೇ ಇರುತ್ತದೆ, ಒಳಗಿನ ಇಫೆಕ್ಟ್‌ಗಳು ಆನ್, ಆಫ್ ಆಗುತ್ತವೆ, ನಾಬ್‌ಗಳು ಬದಲಾಗುತ್ತವೆ, ಹಾಗಾಗಿ ಈ ಕಡಿತ ಇರುವುದಿಲ್ಲ. ಪರೀಕ್ಷೆ ಸುಲಭ: ಡಿಲೇ ಜೋರಾಗಿ ಇಟ್ಟು, ಒಂದು ಕಾರ್ಡ್ ಬಾರಿಸಿ, ಅದು ಮೊಳಗುತ್ತಿರುವಾಗಲೇ ಸ್ವಿಚ್ ಒತ್ತಿ.

ಎಷ್ಟು ಇಫೆಕ್ಟ್ ಇವೆ ಅನ್ನುವುದಕ್ಕಿಂತ ಒಟ್ಟಿಗೆ ಎಷ್ಟು ಓಡುತ್ತವೆ ಅನ್ನುವುದು ಮುಖ್ಯ. ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಮೊದಲು ಆರು ಬ್ಲಾಕ್ (ಒಂದು ಆಂಪ್ ಅಥವಾ ಇಫೆಕ್ಟ್ ಕೂರುವ ಜಾಗ) ಇದ್ದವು, ಆಮೇಲೆ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ನಲ್ಲಿ ಎಂಟಾದವು. ಪಾಡ್ ಗೋದಲ್ಲಿ ಆಂಪ್, ಕ್ಯಾಬ್, ವಾ, ಈಕ್ಯೂ (ಬೇಸ್, ಮಿಡ್, ಟ್ರೆಬಲ್ ಹೊಂದಿಸುವ ಭಾಗ) ಮುಂತಾದವಕ್ಕೆ ಖಾಯಂ ಜಾಗ ಇದೆ, ನಿಮ್ಮಿಷ್ಟಕ್ಕೆ ಬಿಟ್ಟದ್ದು ನಾಲ್ಕು. ಹೆಚ್ಚಿನವರಿಗೆ ಇದು ಸಾಕು. ಆದರೆ ಪಾಲಿಫೋನಿಕ್ ಪಿಚ್ ಶಿಫ್ಟ್, ದೊಡ್ಡ ರಿವರ್ಬ್, ಎರಡು ಆಂಪ್ ಒಟ್ಟಿಗೆ, ಇವೆಲ್ಲ ಪ್ರೊಸೆಸಿಂಗ್ ಶಕ್ತಿಯನ್ನು ಗಬಗಬನೆ ತಿನ್ನುತ್ತವೆ. ನಿಮಗೆ ಬೇಕಾದ ಅತಿ ಭಾರದ ಒಂದು ಪ್ಯಾಚ್ ಏನು ಅಂತ ಕಾಗದದ ಮೇಲೆ ಬರೆದುಕೊಂಡು ಹೋಗಿ, ಅಂಗಡಿಯಲ್ಲೇ ಕಟ್ಟಿ ನೋಡಿ.

ಕೇಳಿ ನೋಡುವ ಕ್ರಮ

ಫ್ಯಾಕ್ಟರಿ ಪ್ಯಾಚ್‌ಗಳನ್ನು ನಂಬಬೇಡಿ. ಅವು ಅಂಗಡಿಯಲ್ಲಿ ಮೊದಲ ನಿಮಿಷಕ್ಕೆ ಬಾಯಿ ಬಿಡಿಸಲು ಮಾಡಿದವು. ರಿವರ್ಬ್ ಜಾಸ್ತಿ, ಡಿಲೇ ಜಾಸ್ತಿ, ಗೇನ್ ಜಾಸ್ತಿ. ಖಾಲಿ ಪ್ಯಾಚ್ ತೆಗೆದು ಅದರಲ್ಲಿ ಒಂದು ಆಂಪ್, ಒಂದು ಕ್ಯಾಬ್ ಮಾತ್ರ ಇಡಿ. ನಿಮ್ಮದೇ ಗಿಟಾರ್, ನಿಮ್ಮದೇ ಹೆಡ್‌ಫೋನ್.

ಗೇನನ್ನು ಅರ್ಧಕ್ಕೆ ಇಟ್ಟು, ಗಿಟಾರ್‌ನ ವಾಲ್ಯೂಮ್ ನಾಬ್ ಹತ್ತರಲ್ಲಿ ಇರುವಾಗ ಒಂದು ಇ ಮೇಜರ್ ಬಾರಿಸಿ. ನಂತರ ನಾಬನ್ನು ನಾಲ್ಕಕ್ಕೆ ಇಳಿಸಿ ಅದನ್ನೇ ಬಾರಿಸಿ. ಒಳ್ಳೆಯ ಮಾಡೆಲ್‌ನಲ್ಲಿ ದನಿ ಬರೀ ಸಣ್ಣದಾಗುವುದಿಲ್ಲ, ತಿಳಿಯಾಗುತ್ತದೆ. ಕರಕರ ಹೋಗಿ ತಂತಿಯ ದನಿ ಬಿಡಿಯಾಗಿ ಕೇಳುತ್ತದೆ. ಈಗ ನಾಬ್ ಹಾಗೇ ಬಿಟ್ಟು, ಪಿಕ್ ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಹೊಡೆಯಿರಿ. ಗಟ್ಟಿ ಹೊಡೆತಕ್ಕೆ ಮಾತ್ರ ಸ್ವಲ್ಪ ಸಿಡಿಯಬೇಕು. ಎರಡಕ್ಕೂ ಒಂದೇ ಥರ ಉತ್ತರ ಕೊಟ್ಟರೆ ಆ ಯಂತ್ರ ಕೆಳಗಿಡಿ. ನನಗೆ ಇದೊಂದೇ ಪರೀಕ್ಷೆ ಸಾಕು ಅನ್ನಿಸುವಷ್ಟು ಇದರಲ್ಲಿ ಎಲ್ಲ ಇದೆ.

ಆದರೂ ಇನ್ನೊಂದು ಮಾಡಿ. ಒಂದೇ ಸ್ವರ ಬಾರಿಸಿ, ಬೆರಳು ಎತ್ತದೆ ಅದು ಸಾಯುವವರೆಗೆ ಕೇಳಿ. ಮೆಲ್ಲಗೆ ಕರಗಬೇಕು. ಕೊನೆಯಲ್ಲಿ ಟಕ್ ಅಂತ ಕಡಿದರೆ ಎಲ್ಲೋ ನಾಯ್ಸ್ ಗೇಟ್ (ಸಣ್ಣ ದನಿಯನ್ನು ಮುಚ್ಚಿಬಿಡುವ ಇಫೆಕ್ಟ್) ಬಿಗಿಯಾಗಿದೆ, ಅದನ್ನು ಹುಡುಕಿ ಆಫ್ ಮಾಡಿ ಮತ್ತೆ ಕೇಳಿ. ಆಫ್ ಮಾಡಿದಾಗಲೂ ಬಾಲ ಗರಗರ ಅಂತ ಮುರಿದರೆ ಮಾಡೆಲ್‌ನ ದೋಷ.

ಲೇಟೆನ್ಸಿ, ಅಂದರೆ ನುಡಿಸಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ತಡ, ಅದರ ಬಗ್ಗೆ ಭಯ ಬೇಡ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 3 ಮಿಲಿಸೆಕೆಂಡ್ ತಡ ಎಂದರೆ ಆಂಪ್‌ನಿಂದ ಒಂದು ಮೀಟರ್ ದೂರ ನಿಂತ ಲೆಕ್ಕ. ಒಳ್ಳೆಯ ಪ್ರೊಸೆಸರ್‌ಗಳು ಅದರ ಆಸುಪಾಸಿನಲ್ಲೇ ಇರುತ್ತವೆ. ಡಿಜಿಟಲ್ ವೈರ್‌ಲೆಸ್, ಅದರ ಮೇಲೆ ಕಂಪ್ಯೂಟರ್, ಅದರ ಮೇಲೆ ಇನ್ನೊಂದು ಡಿಜಿಟಲ್ ಪೆಡಲ್ ಅಂತ ಪೇರಿಸಿದಾಗ ಮಾತ್ರ ಬೆರಳಿಗೂ ಕಿವಿಗೂ ನಡುವೆ ಜಾರಿದ ಹಾಗೆ ಅನ್ನಿಸುತ್ತದೆ.

ಕೊನೆಗೆ, ಸಾಧ್ಯವಾದರೆ ಜೋರಾಗಿ ಕೇಳಿ. ನಮ್ಮ ಕಿವಿ ಸಣ್ಣ ದನಿಯಲ್ಲಿ ಬೇಸ್ ಮತ್ತು ತೀರಾ ಮೇಲಿನ ಟ್ರೆಬಲ್ಲನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಮಲಗುವ ಕೋಣೆಯಲ್ಲಿ ಮೆಲ್ಲಗೆ ಕೇಳುತ್ತಾ ಕಟ್ಟಿದ ಪ್ಯಾಚ್‌ನಲ್ಲಿ ನೀವು ಗೊತ್ತಿಲ್ಲದೆ ಬೇಸ್, ಟ್ರೆಬಲ್ ಏರಿಸಿರುತ್ತೀರಿ, ಮಿಡ್ ಇಳಿಸಿರುತ್ತೀರಿ. ಅದೇ ಪ್ಯಾಚ್ ಸ್ಟೇಜ್‌ನಲ್ಲಿ ಕೆಳಗೆ ಗುಂಯ್, ಮೇಲೆ ಚುಚ್ಚು, ಮಧ್ಯೆ ಗಿಟಾರೇ ಇಲ್ಲ. ಇದಕ್ಕೆ ಮದ್ದು ಕ್ಯಾಬ್ ಬ್ಲಾಕ್‌ನಲ್ಲೇ ಇದೆ. ಲೋ ಕಟ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು) 80ರಿಂದ 100 ಹರ್ಟ್ಸ್, ಹೈ ಕಟ್ (ಅದಕ್ಕಿಂತ ಮೇಲಿನದನ್ನು ಕತ್ತರಿಸುವುದು) 6ರಿಂದ 8 ಕಿಲೋಹರ್ಟ್ಸ್ ಇಟ್ಟು ಶುರುಮಾಡಿ. ಗಿಟಾರ್‌ನ ಅತಿ ಕೆಳಗಿನ ಇ ತಂತಿಯೇ 82 ಹರ್ಟ್ಸ್. ಅದರ ಕೆಳಗಿರುವುದು ಬೇಸ್ ಗಿಟಾರ್‌ನವರ ಜಾಗ, ಬಿಟ್ಟುಕೊಡಿ. ಈ ಎರಡು ಕಟ್ ಇಲ್ಲದ ಪ್ರೊಸೆಸರ್ ಆದರೆ ಕನಿಷ್ಠ ಒಂದು ಒಳ್ಳೆಯ ಈಕ್ಯೂ ಇರಲಿ.

ಸೆಕೆಂಡ್ ಹ್ಯಾಂಡ್ ಮತ್ತು ಕರೆಂಟ್

ಹಳೆಯದು ಕೊಳ್ಳಲು ಹೆದರಬೇಡಿ. ಹೊಸ ಮಾಡೆಲ್ ಬಂದ ಕೂಡಲೇ ಜನ ಹಳೆಯದನ್ನು ಮಾರಿಬಿಡುತ್ತಾರೆ, ಅದರ ದನಿ ಮಾತ್ರ ಹಾಗೇ ಇರುತ್ತದೆ. ಒಂದೊಂದು ಫುಟ್‌ಸ್ವಿಚ್ಚನ್ನೂ ಹಲವು ಸಲ ಒತ್ತಿ. ಒಮ್ಮೆ ಒತ್ತಿದರೆ ಎರಡು ಸಲ ಕೆಲಸ ಮಾಡುವುದು ಸವೆದದ್ದರ ಲಕ್ಷಣ. ನಾಬ್ ತಿರುಗಿಸಿದಾಗ ಸ್ಕ್ರೀನ್‌ನಲ್ಲಿ ಅಂಕಿ ಹಿಂದಕ್ಕೆ ಮುಂದಕ್ಕೆ ಹಾರಿದರೆ ಎನ್‌ಕೋಡರ್ (ನಾಬ್ ತಿರುಗಿದ್ದನ್ನು ಓದುವ ಭಾಗ) ಹೋಗಿದೆ. ಜಾಕ್‌ನಲ್ಲಿ ಕೇಬಲ್ ಅಲ್ಲಾಡಿಸಿ, ಎಕ್ಸ್‌ಪ್ರೆಷನ್ ಪೆಡಲ್ಲನ್ನು ಪೂರ್ತಿ ಮೇಲೆ ಕೆಳಗೆ ಮಾಡಿ, ಅಂಕಿ ಸೊನ್ನೆಯಿಂದ ನೂರರವರೆಗೆ ಹೋಗುತ್ತದೆಯಾ ನೋಡಿ. ತಯಾರಕರು ಅದಕ್ಕೆ ಈಗಲೂ ಫರ್ಮ್‌ವೇರ್ ಮತ್ತು ಎಡಿಟರ್ ಸಾಫ್ಟ್‌ವೇರ್ ಕೊಡುತ್ತಾರಾ, ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಓಡುತ್ತದಾ, ಇದನ್ನು ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ.

ಅಡಾಪ್ಟರ್ ಅದರದ್ದೇ ಇರಲಿ. ಎಚ್‌ಎಕ್ಸ್ ಸ್ಟಾಂಪ್‌ನ ಅಡಾಪ್ಟರ್ 9 ವೋಲ್ಟ್, 3 ಆಂಪಿಯರ್‌ನದು. ಮಾಮೂಲಿ ಪೆಡಲ್‌ನ 9 ವೋಲ್ಟ್ ಅಡಾಪ್ಟರ್ ಪಿನ್ ಕೂತರೂ ಅಷ್ಟು ಕರೆಂಟ್ ಕೊಡುವುದಿಲ್ಲ. ವೋಲ್ಟ್ ಒಂದೇ ಇರಬೇಕು, ಪಿನ್‌ನ ಪ್ಲಸ್ ಮೈನಸ್ ಒಂದೇ ಇರಬೇಕು, ಕರೆಂಟ್ ಮಾತ್ರ ಹೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬಹುದು.

ಮನೆಗೆ ತಂದ ದಿನ ಪ್ಯಾಚ್ ಹುಡುಕುತ್ತಾ ಕೂರುವ ಮುಂಚೆ ಎರಡು ಕೆಲಸ ಮಾಡಿ. ಮೊದಲು ಬ್ಯಾಕಪ್ ತೆಗೆದು ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ನಂತರ ಗ್ಲೋಬಲ್ ಸೆಟ್ಟಿಂಗ್‌ಗೆ ಹೋಗಿ ಔಟ್‌ಪುಟ್ ಲೆವೆಲ್ ನೋಡಿ. ಗಿಟಾರ್ ಆಂಪ್‌ನ ಮುಂಭಾಗಕ್ಕೆ ಚುಚ್ಚುವುದಾದರೆ ಇನ್‌ಸ್ಟ್ರುಮೆಂಟ್, ಮಿಕ್ಸರ್‌ನ ಲೈನ್ ಇನ್‌ಪುಟ್‌ಗಾದರೆ ಲೈನ್. ಕೆಲವು ಯಂತ್ರಗಳಲ್ಲಿ ಇಲ್ಲೇ ಯಾವ ಆಂಪ್‌ಗೆ ಚುಚ್ಚಿದ್ದೀರಿ ಅಂತ ಆರಿಸುವ ಪಟ್ಟಿಯೂ ಇರುತ್ತದೆ, ಅದನ್ನು ಹೊಂದಿಸಿದರೆ ಕ್ಯಾಬ್ ಆಫ್ ಮಾಡುವ ಕೆಲಸ ಎಲ್ಲ ಪ್ಯಾಚ್‌ಗೂ ಒಟ್ಟಿಗೇ ಮುಗಿಯುತ್ತದೆ.